ಚಾರ್ಜಕ್ಕ ಮತ್ತು ಅರ್ಧ ಹೊಟ್ಟೆಯ ಬ್ಯಾಟರಿಗಳು

ಬೀಗ ತೆಗೆದ ಕೂಡಲೇ ಅವರು ಒಳಗೆ ಕಾಲಿಡುವುದಿಲ್ಲ. ದೀಪದ ಸ್ವಿಚ್ಚಿಗೂ ಕೈ ಹಾಕುವುದಿಲ್ಲ. ಹೊಸ್ತಿಲಲ್ಲೇ ನಿಂತು, ಕತ್ತು ಒಂದಿಷ್ಟು ಮುಂದೆ ಚಾಚಿ, ಮೂಗರಳಿಸಿ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಳದಲ್ಲಿ ನಿಂತ ವ್ಯಾನಿನ ಗಾಜಿನ ಮೇಲೆ ಇಬ್ಬನಿ ಕೂತಿದೆ. ಪಕ್ಕದ ಪಂಪುಮನೆಯ ಮೋಟಾರು ಒಂದೇ ಸಮನೆ ಗುಂಯ್‌ಗುಡುತ್ತಿದೆ.

"ಏನು ವಾಸನೆ ನೋಡ್ತೀರಿ?" ಎಂದು ಕೇಳುತ್ತೇನೆ.

"ಏನೂ ಇಲ್ಲ ಅನ್ನೋದನ್ನ," ಎನ್ನುತ್ತಾರೆ. "ಸಿಹಿ ವಾಸನೆ ಬಂದ್ರೆ ಯಾವುದೋ ಸೆಲ್ ಸೋರಿದೆ ಅಂತ. ಸುಟ್ಟ ವಾಸನೆ ಬಂದ್ರೆ ಅದಕ್ಕಿಂತ ದೊಡ್ಡ ತಲೆನೋವು. ಏನೂ ಬರಲಿಲ್ಲ ಅಂದ್ರೆ ಒಳಗೆ ಹೋಗಿ ಕಸ ಗುಡಿಸಬಹುದು."

ಈವತ್ತು ಏನೂ ಬರಲಿಲ್ಲ. ದೀಪ ಹಾಕಿ, ಪೊರಕೆ ಕೈಗೆತ್ತಿಕೊಳ್ಳುತ್ತಾರೆ.

ಇದು ನಗರದ ನೀರು ಸರಬರಾಜು ಕಚೇರಿಯ ಹಿಂಭಾಗದಲ್ಲಿರುವ ಟಾರ್ಚು ಕೋಣೆ. ನಾವು ನಲ್ಲಿ ತಿರುಗಿಸಿದರೆ ಬೀಳುವ ನೀರು ಗುಡ್ಡದ ಆಚೆಯ ಜಲಾಶಯದಿಂದ ಒಂದು ಹಳೆಯ ಸುರಂಗದೊಳಗೆ ಹರಿದು ಬರುತ್ತದೆ. ಆ ಸುರಂಗದ ಯಾವುದಾದರೊಂದು ಭಾಗವನ್ನು ಸದಾ ಮುಚ್ಚಿ, ನೀರು ಖಾಲಿ ಮಾಡಿ, ಗೋಡೆ ಪರೀಕ್ಷಿಸುತ್ತಿರುತ್ತಾರೆ. ಪರೀಕ್ಷಿಸುವವರಿಗೆ ದೊಡ್ಡ ಹೆಸರೇನೂ ಇಲ್ಲ. ನಡೆಯುವವರು ಅನ್ನುತ್ತಾರೆ, ಅಷ್ಟೆ. ಸಣ್ಣ ಸುತ್ತಿಗೆಯಿಂದ ಗೋಡೆ ತಟ್ಟುತ್ತಾ, ಎಲ್ಲಿ ಟೊಳ್ಳು ಸದ್ದು ಬರುತ್ತದೋ ಅಲ್ಲಿ ಬಣ್ಣದ ಗುರುತು ಹಾಕುತ್ತಾ ದಿನವಿಡೀ ನಡೆಯುವುದು ಅವರ ಕೆಲಸ. ಒಳಗೆ ಇಳಿಬಿಟ್ಟ ವೈರಿನ ದೀಪಗಳಿವೆ. ಆದರೆ ನಡೆಯುವವರು ನಂಬುವುದು ತಲೆಯ ಮೇಲಿನ ಟೋಪಿ ದೀಪವನ್ನು, ಕೈಯಲ್ಲಿರುವ ಟಾರ್ಚನ್ನು. ಆ ಟಾರ್ಚುಗಳೂ, ಅವುಗಳೊಳಗಿನ ಲಿಥಿಯಂ ಬ್ಯಾಟರಿಗಳೂ ಈ ಕೋಣೆಯಿಂದಲೇ ಹೋಗಿ ಈ ಕೋಣೆಗೇ ಬರಬೇಕು. ಇಲ್ಲಿಯವರು ಆ ಬ್ಯಾಟರಿಯನ್ನು ಸೆಲ್ ಎನ್ನುತ್ತಾರೆ. ಹೆಬ್ಬೆರಳಿಗಿಂತ ಚೂರು ದಪ್ಪ, ಚೂರು ಉದ್ದ.

ಇವುಗಳನ್ನೆಲ್ಲ ನೋಡಿಕೊಳ್ಳುವವರನ್ನು ಕಚೇರಿಯಲ್ಲಿ ಎಲ್ಲರೂ ಕರೆಯುವುದು ಚಾರ್ಜಕ್ಕ ಎಂದು. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಈ ಹೆಸರು ಕೇಳಿ, ಕಚೇರಿಯ ಇನ್‌ಚಾರ್ಜ್ ಇವರೇ ಇರಬೇಕೆಂದುಕೊಂಡು, ರಜೆ ಬೇಕೆಂದು ಇವರ ಹತ್ತಿರವೇ ಕೇಳಿದ್ದರಂತೆ. "ಕೊಟ್ಟುಬಿಟ್ಟೆ," ಎನ್ನುತ್ತಾರೆ ಚಾರ್ಜಕ್ಕ. "ಪಾಪ, ಸುಸ್ತಾದ ಮುಖ ಇತ್ತು."

ವಯಸ್ಸು ಐವತ್ತು ದಾಟಿದೆ. ಗಿಡ್ಡ ಆಳು, ಚುರುಕು ಕೈ. ಕನ್ನಡಕ ಮೂಗಿನ ತುದಿಗೆ ಜಾರಿಯೇ ಇರುತ್ತದೆ. ಬಂದವರ ಜೊತೆ ಮಾತಾಡುವಾಗ ಕನ್ನಡಕದ ಮೇಲಿಂದ ನೋಡುತ್ತಾರೆ, ಸೆಲ್ ನೋಡುವಾಗ ಮಾತ್ರ ಅದರೊಳಗಿಂದ.

ಕಿಟಕಿಯ ಹೊರಗೆ ಮೊದಲ ಪಾಳಿಯವರು ಸೇರುತ್ತಾರೆ. ಚಾರ್ಜಕ್ಕ ಒಂದೊಂದೇ ಟಾರ್ಚನ್ನು ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ, ಆದರೆ ಕೈ ಬಿಡುವುದಿಲ್ಲ. "ಗೋಡೆ ತೋರಿಸು," ಎನ್ನುತ್ತಾರೆ. ಎದುರು ಗೋಡೆಯ ಮೇಲೆ ಸುಣ್ಣ ಬಳಿದ ಒಂದು ಚೌಕವಿದೆ. ಟಾರ್ಚು ಪಡೆದವರು ಅದರ ಮೇಲೆ ಬೆಳಕು ಬಿಟ್ಟು ತೋರಿಸಬೇಕು. ದೊಡ್ಡ ಬೆಳಕು, ಸಣ್ಣ ಬೆಳಕು, ಮತ್ತೆ ದೊಡ್ಡದು. ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದ ಒಂದು ಹೆಚ್ಚುವರಿ ಸೆಲ್.

"ಡಬ್ಬಿ ಯಾಕೆ? ಸುಮ್ಮನೆ ಜೇಬಲ್ಲಿ ಹಾಕ್ಕೊಂಡು ಹೋಗಬಾರದಾ?" ಎಂದು ಕೇಳುತ್ತೇನೆ.

ಕಿಟಕಿಯಲ್ಲಿ ನಗು ಹಬ್ಬುತ್ತದೆ. ಸಾಲಿನಲ್ಲಿ ನಿಂತ ದಪ್ಪ ಮೀಸೆಯ ಮನುಷ್ಯ ತಲೆ ತಗ್ಗಿಸುತ್ತಾನೆ. ಅವನಿಗೆ ಜೇಬುಬೆಂಕಿ ಎಂದೇ ಹೆಸರು. ಒಮ್ಮೆ ಡಬ್ಬಿ ಬೇಡವೆಂದು ಸೆಲ್ಲನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಅಲ್ಲಿ ಮನೆಯ ಬೀಗದ ಕೈ ಇತ್ತು. ಬೀಗದ ಕೈ ಸೆಲ್ಲಿನ ಎರಡೂ ತುದಿ ತಾಗಿಸಿತು. ಸೆಲ್ ಕಾದು ಕೆಂಡವಾಯಿತು. ಆತ ಅಂಗಳದ ನಡುವೆ ಕುಣಿದದ್ದನ್ನು ನೋಡಿದವರು ಇವತ್ತಿಗೂ ಮಾಡಿ ತೋರಿಸುತ್ತಾರೆ.

"ನಗಬೇಡ್ರಪ್ಪ," ಎನ್ನುತ್ತಾನೆ ಜೇಬುಬೆಂಕಿ. "ತೊಡೆ ಮೇಲೆ ಇನ್ನೂ ಕಲೆ ಇದೆ. ಅವತ್ತಿಂದ ನಾನು ಡಬ್ಬಿ ಮರೆತಿಲ್ಲ. ಹೆಂಡತಿ ಊಟದ ಡಬ್ಬಿ ಮರೆತಿದೀನಿ, ಇದನ್ನ ಮರೆತಿಲ್ಲ."

ಚಾರ್ಜಕ್ಕ ಈ ಕಚೇರಿಗೆ ಬಂದದ್ದು ನೆಲ ಒರೆಸುವ ಕೆಲಸಕ್ಕೆ. ಗಂಡ ಬೇಕರಿಯ ಒಲೆಯ ಮುಂದೆ ದುಡಿಯುವವರು. ಒಬ್ಬಳು ಮಗಳು, ಆಗಿನ್ನೂ ಚಿಕ್ಕವಳು. ಅಣ್ಣ ಇದೇ ಕಚೇರಿಯಲ್ಲಿ ನಡೆಯುವವನಾಗಿದ್ದ. ತಂಗಿಗೆ ಕೆಲಸ ಕೊಡಿಸಿದ್ದೂ ಅವನೇ. ಅಣ್ಣ ಗಟ್ಟಿ ಆಳು, ಜೋರು ದನಿ. ಅವನು ಒಳಗೆ ಕೆಮ್ಮಿದರೆ ಸುರಂಗದ ಬಾಯಿಯವರೆಗೂ ಕೇಳುತ್ತಿತ್ತು ಎನ್ನುತ್ತಾರೆ.

ಒಂದು ದಿನ ಬೆಳಗಿನ ಹೊತ್ತು, ಅಣ್ಣನ ಗುಂಪು ಒಳಗಿದ್ದಾಗ, ಸುರಂಗದ ವೈರಿನ ದೀಪಗಳೆಲ್ಲ ಒಮ್ಮೆಗೇ ಆರಿದವು. ಆಗ ಅವರ ಕೈಯಲ್ಲಿದ್ದದ್ದು ಹಳೆಯ ಕಾಲದ ಟಾರ್ಚುಗಳು. ತೇವ ಹಿಡಿದು ಮಂಕಾಗಿದ್ದವು. ಸ್ವಲ್ಪ ಹೊತ್ತಿಗೆ ಅವೂ ಕೈಕೊಟ್ಟವು. ಹೊರಗಿದ್ದವರು ಗಾಬರಿಯಾಗಲಿಲ್ಲ. ಯಾಕೆಂದರೆ ಉಗ್ರಾಣದ ಕಬ್ಬಿಣದ ಬೀರುವಿನಲ್ಲಿ, ಇಂಥ ಹೊತ್ತಿಗೆಂದೇ, ಲಿಥಿಯಂ ಬ್ಯಾಟರಿಯ ಹೊಸ ಟಾರ್ಚುಗಳನ್ನು ತರಿಸಿ ಇಟ್ಟಿದ್ದರು. ಬೀಗ ಹಾಕಿ, ಯಾರೂ ಮುಟ್ಟಬಾರದೆಂದು ಎಚ್ಚರಿಕೆ ಕೊಟ್ಟು, ಎರಡು ವರ್ಷದಿಂದ ಜೋಪಾನ ಮಾಡಿದ್ದರು.

ಬೀರು ತೆಗೆದರು. ಟಾರ್ಚುಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಹರಿದಿರಲಿಲ್ಲ. ಒಂದನ್ನು ಒತ್ತಿದರು, ಹತ್ತಲಿಲ್ಲ. ಇನ್ನೊಂದು, ಅದೂ ಇಲ್ಲ. ಮತ್ತೊಂದು ಮಿಣಕ್ ಎಂದು ಆರಿತು. ನೆಲ ಒರೆಸುತ್ತಿದ್ದ ತಂಗಿ ಬಟ್ಟೆ ಕೈಯಲ್ಲಿ ಹಿಡಿದೇ ನೋಡುತ್ತಿದ್ದರು. "ಒಬ್ಬೊಬ್ಬರೂ ಒತ್ತೋರು, ಮೇಜಿನ ಮೇಲೆ ಎಸೆಯೋರು. ನಮ್ಮಣ್ಣ ಒಳಗಿದಾನೆ."

ಒಳಗೆ ಅಣ್ಣ ಎಲ್ಲರಿಗಿಂತ ಮುಂದಿದ್ದ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಗೋಡೆ ಸವರಿಕೊಂಡು ಬರುತ್ತಿದ್ದರು. ಪಕ್ಕದಲ್ಲಿ ನೀರಿಳಿಯಲು ಮಾಡಿದ ಗುಂಡಿಯೊಂದಿತ್ತು. ದಿನವೂ ದಾಟುತ್ತಿದ್ದದ್ದೇ. ಕತ್ತಲಲ್ಲಿ ಅಣ್ಣ ಅದಕ್ಕೆ ಬಿದ್ದ. ಎದೆಮಟ್ಟ ನೀರು, ಅಷ್ಟೆ. ಆದರೆ ತಲೆಕೆಳಗಾಗಿ ಬಿದ್ದವನಿಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ. ಹಿಂದಿದ್ದ ಮೇಸ್ತ್ರಿ ನೀರಿನೊಳಗೆ ಕೈಯಾಡಿಸಿ, ಸಿಕ್ಕಿದ ಅಂಗಿಯ ಕಾಲರು ಹಿಡಿದು ಎಳೆದರು.

ಎಲ್ಲರೂ ಹೊರಗೆ ಬಂದರು. ಯಾರ ಮೂಳೆಯೂ ಮುರಿಯಲಿಲ್ಲ. ಆದರೆ ಅಣ್ಣ ಮತ್ತೆ ಸುರಂಗದೊಳಗೆ ಕಾಲಿಡಲಿಲ್ಲ. ಕಚೇರಿಯ ವ್ಯಾನ್ ಓಡಿಸುವ ಕೆಲಸ ಕೇಳಿ ಪಡೆದ. ಮನೆಯಲ್ಲಿ ಮಲಗುವ ಕೋಣೆಯ ದೀಪ ಆರಿಸಲು ಬಿಡುತ್ತಿರಲಿಲ್ಲ. ಜೋರು ದನಿಯ ಮನುಷ್ಯ ಮೆಲ್ಲಗೆ ಮಾತಾಡತೊಡಗಿದ.

"ಅಣ್ಣ ಬದುಕಿ ಬಂದ, ಸರಿ," ಎನ್ನುತ್ತಾರೆ ಚಾರ್ಜಕ್ಕ. "ಆದ್ರೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಯಾರೂ ಮುಟ್ಟದ ವಸ್ತು ತಾನಾಗೇ ಹೇಗೆ ಸಾಯುತ್ತೆ? ಬಳಸಿ ಬಳಸಿ ಸವೆದರೆ ಅರ್ಥ ಆಗುತ್ತೆ. ಇದು ಜೋಪಾನ ಮಾಡಿದ್ದಕ್ಕೇ ಸತ್ತಿದೆ."

ಕಂಡಕಂಡವರನ್ನೆಲ್ಲ ಕೇಳಿದರು. ಉಗ್ರಾಣದವರು, ಮಾಲು ಸರಿಯಿರಲಿಲ್ಲ ಎಂದರು. ಗುಮಾಸ್ತರು, ಹೋಗಲಿ ಬಿಡಮ್ಮ ಎಂದರು. ಕುರ್ಚಿ ಎಳೆದುಕೊಂಡು ಕೂತು ಉತ್ತರ ಹೇಳಿದವರು ಒಬ್ಬರೇ, ಕಚೇರಿಯ ಎಲೆಕ್ಟ್ರಿಷಿಯನ್. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಮಾಡಿದವರಲ್ಲ, ಆದರೆ ಕೇಳದಿದ್ದರೂ ವಿವರಿಸುವ ಚಾಳಿ. ಬಲ್ಬು ಬದಲಿಸಲು ಕರೆದರೆ ಬಲ್ಬಿನ ವಂಶಾವಳಿ ಹೇಳಿಯೇ ಏಣಿ ಇಳಿಯುತ್ತಿದ್ದರಂತೆ. ಆದ್ದರಿಂದ ಜನ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಈಗ ತಾನಾಗಿ ಬಂದು ಕೇಳುವವರೊಬ್ಬರು ಸಿಕ್ಕಿದ್ದರು.

ಮೇಷ್ಟ್ರು ಹೇಳಿದ್ದು ಇಷ್ಟು. ಈ ಟಾರ್ಚುಗಳ ಸ್ವಿಚ್ಚು ಹಳೆಯ ಟಾರ್ಚಿನ ಹಾಗಲ್ಲ. ಯಾರಾದರೂ ಒತ್ತುತ್ತಾರೋ ಎಂದು ಒಳಗೆ ಸದಾ ಕಾಯುತ್ತಿರುತ್ತದೆ, ಕಾಯುವುದಕ್ಕೂ ಗುಟುಕು ಗುಟುಕು ವಿದ್ಯುತ್ತು ಕುಡಿಯುತ್ತದೆ. ಎರಡು ವರ್ಷ ಕುಡಿದರೆ ಸೆಲ್ ತಳ ಕಾಣುತ್ತದೆ. ಪೂರ್ತಿ ತಳ ಕಂಡ ಸೆಲ್ಲಿಗೆ ಒಳಗೇ ಪೆಟ್ಟಾಗಿರುತ್ತದೆ. ಅದನ್ನು ಮತ್ತೆ ಚಾರ್ಜಿಗಿಟ್ಟು ಎಬ್ಬಿಸಲು ಹೋಗುವುದು ಅಪಾಯ.

"ಹಾಗಾದ್ರೆ ಪೂರ್ತಿ ತುಂಬಿಸಿ, ಟಾರ್ಚಿಂದ ಬಿಚ್ಚಿ ಇಟ್ರೆ?" ಎಂದು ಇವರು ಕೇಳಿದರು.

"ಅದೂ ಕಷ್ಟ," ಎಂದರು ಮೇಷ್ಟ್ರು. "ತುಂಬಿದ ಸೆಲ್ ಅಂದ್ರೆ ಉಸಿರು ಬಿಗಿಹಿಡಿದು ನಿಂತವನ ಹಾಗೆ. ಖಾಲಿ ಸೆಲ್ ಅಂದ್ರೆ ಉಸಿರೆಲ್ಲ ಬಿಟ್ಟು ನಿಂತವನ ಹಾಗೆ. ಎರಡೂ ಎಷ್ಟು ಹೊತ್ತು ಆಗುತ್ತೆ? ಬಹಳ ದಿನ ಇಡೋದಾದ್ರೆ ಅರ್ಧ ಹೊಟ್ಟೆಯಲ್ಲಿ ಇಡಬೇಕು. ತಣ್ಣಗಿರೋ ಜಾಗದಲ್ಲಿ ಇಡಬೇಕು. ಆಗಾಗ ಹೋಗಿ ಮಾತಾಡಿಸಬೇಕು."

ಹೊಸ ಸೆಲ್ಲುಗಳು ಬಂದಾಗ, ಇವನ್ನು ಆ ಪ್ರಶ್ನೆ ಕೇಳುವ ಹೆಂಗಸಿಗೆ ಕೊಡಿ ಎಂದು ಮೇಲಿನವರಿಗೆ ಹೇಳಿದ್ದೂ ಮೇಷ್ಟ್ರೇ. ಹಾಗೆ ನೆಲ ಒರೆಸುತ್ತಿದ್ದವರ ಕೈಗೆ ಈ ಕೋಣೆಯ ಬೀಗದ ಕೈ ಬಂತು.

ಕೈಗೆ ಬಂದದ್ದು ಬೀಗದ ಕೈ ಮಾತ್ರ, ನಂಬಿಕೆ ಇನ್ನೂ ಬಂದಿರಲಿಲ್ಲ. ಅರ್ಧ ಹೊಟ್ಟೆಯ ಮಾತು ಚಾರ್ಜಕ್ಕನಿಗೆ ಗಂಟಲಲ್ಲಿ ಇಳಿಯಲಿಲ್ಲ. "ನಾನು ತಾಯಿ. ಮಕ್ಕಳನ್ನ ಅರ್ಧ ಹೊಟ್ಟೆಯಲ್ಲಿ ಮಲಗಿಸಿದ್ರೆ ಒಳ್ಳೇದು ಅಂತ ಯಾರಾದ್ರೂ ಹೇಳಿದ್ರೆ ಒಪ್ತೀನಾ?" ಹಾಗಾಗಿ ತಾವೇ ನೋಡಿಬಿಡುವುದೆಂದು ಹೊರಟರು. ಒಂದಷ್ಟು ಸೆಲ್ಲುಗಳನ್ನು ಪೂರ್ತಿ ತುಂಬಿಸಿ, ಒಂದಷ್ಟನ್ನು ಅರ್ಧ ತುಂಬಿಸಿ, ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರು. ಗುರುತಿಗೆ ಮಗಳ ಉಗುರುಬಣ್ಣ. ಪೂರ್ತಿ ತುಂಬಿದ್ದಕ್ಕೆ ಕೆಂಪು ಚುಕ್ಕೆ, ಅರ್ಧದ್ದಕ್ಕೆ ನೀಲಿ.

ಒಂದು ಬೆಳಗ್ಗೆ ಬಾಗಿಲು ತೆಗೆದರೆ ಸಿಹಿ ಸಿಹಿ ವಾಸನೆ. ಸೋರಿದ ಸೆಲ್ಲಿನದೇ ವಾಸನೆ. ಚಾರ್ಜಕ್ಕ ಎಲ್ಲರನ್ನೂ ಹಿಂದಕ್ಕೆ ಸರಿಸಿ, ಕೈಗೆ ದಪ್ಪ ಗವಸು ಹಾಕಿ, ಒಂದೊಂದೇ ಸೆಲ್ಲನ್ನು ಅಂಗಳಕ್ಕೆ ಸಾಗಿಸಿದರು. ಮೇಷ್ಟ್ರು ಓಡಿ ಬಂದರು. ಕಪಾಟು ಖಾಲಿಯಾದ ಮೇಲೆ ಮೂಲೆಯಲ್ಲಿ ಮುಚ್ಚಳ ಬಿಚ್ಚಿಕೊಂಡ ಉಗುರುಬಣ್ಣದ ಶೀಶೆ ಸಿಕ್ಕಿತು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ವಾಸನೆ. "ಮೇಷ್ಟ್ರು ಅಂಗಳದಲ್ಲಿ ಕೂತು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ನನಗೆ ಅವಮಾನ ಆಯ್ತು, ಆದ್ರೆ ಮೂಗು ಸರಿಯಿದೆ ಅಂತ ಗೊತ್ತಾಯ್ತು." ಅಂದಿನಿಂದ ಗುರುತಿಗೆ ಬಣ್ಣದ ಟೇಪು.

ಒಂದು ಬೇಸಿಗೆ ಕಳೆದ ಮೇಲೆ ಎರಡೂ ಬಗೆಯ ಸೆಲ್ಲುಗಳನ್ನು ಪೂರ್ತಿ ಚಾರ್ಜ್ ಮಾಡಿ, ಟಾರ್ಚಿಗೆ ಹಾಕಿ, ಕೋಣೆಯ ಕಿಟಕಿ ಮುಚ್ಚಿ, ಗೋಡೆಗೆ ಬೆಳಕು ಬಿಟ್ಟು ಕುರ್ಚಿಯಲ್ಲಿ ಕೂತರು. ಕೆಂಪಿನವು ಒಂದೊಂದಾಗಿ ಮಂಕಾದವು. ನೀಲಿಯವು ಇನ್ನೂ ಉರಿಯುತ್ತಿದ್ದವು. ಗಂಡ ಬೇಕರಿಯಿಂದ ಬ್ರೆಡ್ಡು ಹಿಡಿದು ಕರೆಯಲು ಬಂದರೆ, ಹೆಂಡತಿ ಕತ್ತಲ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಾರೆ. "ಬಾಗಿಲು ಹಾಕಿ, ಬೆಳಕು ಒಳಗೆ ಬರುತ್ತೆ ಅಂದಳು," ಎಂದು ಯಜಮಾನರು ಈಗ ನಗುತ್ತಾರೆ. "ಪಕ್ಕದಲ್ಲಿ ಕೂತು ಬ್ರೆಡ್ಡು ತಿಂದೆ. ಏನು ನೋಡ್ತಿದೀವಿ ಅಂತ ಮನೆಗೆ ಬಂದ ಮೇಲೆ ಕೇಳಿದೆ."

ಈಗ ಈ ಕೋಣೆಯ ಓಡಾಟ ಒಂದು ಹದಕ್ಕೆ ಬಂದಿದೆ. ಸುರಂಗದಿಂದ ಬಂದ ಟಾರ್ಚನ್ನು ಮೊದಲು ಒಣಬಟ್ಟೆಯಿಂದ ಒರೆಸುತ್ತಾರೆ. ಹಿಂದಿನ ಮುಚ್ಚಳ ಬಿಚ್ಚಿ, ಲೋಹಕ್ಕೆ ಲೋಹ ತಾಗುವ ಜಾಗವನ್ನು ಸ್ಪಿರಿಟ್ಟಿನ ಹತ್ತಿಯಿಂದ ಉಜ್ಜುತ್ತಾರೆ. ನೀರು ತಡೆಯುವ ರಬ್ಬರು ಉಂಗುರಕ್ಕೆ ಕಡ್ಡಿಯ ತುದಿಯಲ್ಲಿ ಒಂದು ಚೂರು ಸಿಲಿಕೋನ್ ಜಿಡ್ಡು. ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಅಂಗಿ ಎಲ್ಲಾದರೂ ಹರಿದಿದೆಯೇ ಎಂದು ಬೆರಳಲ್ಲಿ ತಿರುಗಿಸಿ ನೋಡುತ್ತಾರೆ. ಬಿಸಿ ಇದ್ದರೆ ತಣಿಯುವ ತನಕ ಚಾರ್ಜಿಗೆ ಇಡುವುದಿಲ್ಲ. ಚಾರ್ಜರು ಕೂತಿರುವುದು ಕಲ್ಲಿನ ಚಪ್ಪಡಿಯ ಮೇಲೆ. ಸುತ್ತ ಒಂದು ಮೊಳದವರೆಗೆ ಕಾಗದ, ಬಟ್ಟೆ, ಮರ ಯಾವುದೂ ಇಲ್ಲ. ತಾವು ಮನೆಗೆ ಹೊರಡುವ ಮುಂಚೆ ಚಾರ್ಜರಿನ ವೈರು ಗೋಡೆಯಿಂದ ಕಿತ್ತಿರಲೇಬೇಕು. ಕಪಾಟಿನಲ್ಲಿ ಇಡುವ ಟಾರ್ಚಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸುತ್ತಾರೆ. ಹಾಗೆ ಮಾಡಿದರೆ ಒಳಗಿನ ಕೊಂಡಿ ತಪ್ಪುತ್ತದೆ, ಸ್ವಿಚ್ಚು ಗುಟುಕು ಕುಡಿಯುವುದು ನಿಲ್ಲುತ್ತದೆ.

ಅಂಗಳದ ಮೂಲೆಯಲ್ಲಿ ಮರಳು ತುಂಬಿದ ಒಂದು ಸಿಮೆಂಟಿನ ತೊಟ್ಟಿಯಿದೆ. ಅದಕ್ಕೆ ವಾರ್ಡು ಎಂದು ಹೆಸರು. ಕೆಳಗೆ ಬಿದ್ದು ನೆಗ್ಗಿದ, ಅನುಮಾನ ಹುಟ್ಟಿಸಿದ ಸೆಲ್ಲುಗಳನ್ನು ತುದಿಗಳಿಗೆ ಟೇಪು ಸುತ್ತಿ ಅಲ್ಲಿ ಮಲಗಿಸುತ್ತಾರೆ. "ಹೊರಗೆ ನೋಡಿದ್ರೆ ಏನೂ ಆಗಿರಲ್ಲ. ಒಳಪೆಟ್ಟು ಬಿದ್ದಿರುತ್ತೆ. ಒಂದ್ಸಲ ಏಣಿಯಿಂದ ಬಿದ್ದ ಸೆಲ್ ಬೆಳಗ್ಗೆ ತಣ್ಣಗಿತ್ತು, ಮಧ್ಯಾಹ್ನ ಬುಸ್ ಅಂತ ಹೊಗೆ ಬಿಡ್ತು. ಮರಳಲ್ಲಿತ್ತು, ಯಾರಿಗೂ ಏನಾಗಲಿಲ್ಲ." ವಾರ್ಡಿಗೆ ಹೋದದ್ದು ಮತ್ತೆ ಕೋಣೆಗೆ ಬರುವುದಿಲ್ಲ. ಅವನ್ನು ಒಯ್ಯಲು ಬೇರೆಯೇ ಗಾಡಿ ಬರುತ್ತದೆ.

ಮನೆಯಲ್ಲೂ ಇದೇ ಕಾಟ. ಮಗಳು ದಿಂಬಿನ ಕೆಳಗೆ ಫೋನು ಚಾರ್ಜಿಗಿಟ್ಟರೆ ತಾಯಿಗೆ ನಿದ್ದೆ ಬರುವುದಿಲ್ಲ. "ನಮ್ಮಮ್ಮ ನನ್ನ ಜ್ವರ ಮುಟ್ಟಿ ನೋಡಿದ್ದಕ್ಕಿಂತ ಫೋನಿನ ಜ್ವರ ಮುಟ್ಟಿ ನೋಡಿದ್ದೇ ಹೆಚ್ಚು," ಎಂದು ಮಗಳ ದೂರು.

ನನಗೊಂದು ಪ್ರಶ್ನೆ ಕೊರೆಯುತ್ತಿತ್ತು. ಅರ್ಧ ಹೊಟ್ಟೆಯ ಸೆಲ್ ಬಹಳ ಕಾಲ ಬಾಳುತ್ತದೆ, ಸರಿ. ಆದರೆ ಅಪಾಯದ ಹೊತ್ತಿಗೆ ಅರ್ಧ ಬೆಳಕು ಸಾಕೆ? ಕೇಳಿದಾಗ ಚಾರ್ಜಕ್ಕ ಕನ್ನಡಕ ತೆಗೆದರು.

"ಇದೇ, ಇದೇ. ಇದಕ್ಕೇ ನಾನೂ ಮೇಷ್ಟ್ರೂ ಬಹಳ ಜಗಳ ಆಡಿದ್ದು. ಅವರಿಗೆ ಸೆಲ್ ಉಳೀಬೇಕು, ನನಗೆ ಮನುಷ್ಯ ಉಳೀಬೇಕು."

ಕೊನೆಗೆ ದಾರಿ ಹೊಳೆದದ್ದು ಗಂಡನ ಬೇಕರಿಯಲ್ಲಿ. ಅಲ್ಲಿ ಹೊಸ ಬ್ರೆಡ್ಡನ್ನು ಹಿಂದೆ ಜೋಡಿಸಿ, ನಿನ್ನೆಯದನ್ನು ಮುಂದೆ ತಳ್ಳುತ್ತಾರೆ. ಚಾರ್ಜಕ್ಕ ಅಪಾಯಕ್ಕೆಂದು ಬೇರೆ ಪೆಟ್ಟಿಗೆ ಇಡುವುದನ್ನೇ ಬಿಟ್ಟರು. ದಿನದ ಬಳಕೆಗೆ ಹೋಗುವ ಗುಂಪಿನ ಹಿಂದೆ ಇನ್ನೊಂದು ಗುಂಪು ಪೂರ್ತಿ ತುಂಬಿ ತಯಾರಾಗಿರುತ್ತದೆ. ನಾಳೆ ಅದು ಸುರಂಗಕ್ಕೆ ಹೋಗುತ್ತದೆ, ಅದರ ಜಾಗಕ್ಕೆ ಮತ್ತೊಂದು ತುಂಬಿ ಬರುತ್ತದೆ. ಯಾವುದೂ ಹೊಟ್ಟೆ ತುಂಬಿಸಿಕೊಂಡು ಹೆಚ್ಚು ದಿನ ಸುಮ್ಮನೆ ಕೂರುವುದಿಲ್ಲ, ಯಾವುದೂ ಕೈ ಮುಟ್ಟದೆ ಮರೆತುಹೋಗುವುದಿಲ್ಲ. ಬರಬಹುದಾದ ಕಷ್ಟಕ್ಕೆ ಬೇಕಾದದ್ದು ದಿನನಿತ್ಯ ಓಡಾಡುತ್ತಲೇ ಇರುತ್ತದೆ. ದೀರ್ಘಕಾಲದ ದಾಸ್ತಾನು ಮಾತ್ರ ಬಿಸಿಲು ಬೀಳದ ಗೋಡೆಯ ಕಪಾಟಿನಲ್ಲಿ, ಅರ್ಧ ಹೊಟ್ಟೆಯಲ್ಲಿ.

ಈ ಏರ್ಪಾಡಿಗೆ ಪರೀಕ್ಷೆ ಬಂದದ್ದು ಕೆಲವು ವರ್ಷಗಳ ಹಿಂದೆ. ನಡೆಯುವವರು ಒಳಗೆ ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಸುರಂಗದ ಹಳೆಯ ಇಟ್ಟಿಗೆಯ ಚಾವಣಿ ಒಂದು ಕಡೆ ಕಳಚಿ ಬಿತ್ತು. ಬಿದ್ದ ಇಟ್ಟಿಗೆ, ಮಣ್ಣು ವೈರನ್ನು ತುಂಡು ಮಾಡಿತು, ದಾರಿಯನ್ನೂ ಮುಚ್ಚಿತು. ಯಾರ ಮೇಲೂ ಬೀಳಲಿಲ್ಲ. ಆದರೆ ಮೇಸ್ತ್ರಿಯೂ ಜೇಬುಬೆಂಕಿಯೂ ಸೇರಿ ಎಂಟು ಹತ್ತು ಮಂದಿ ರಾಶಿಯ ಆಚೆ ಉಳಿದರು. ಹಿಂದಿನ ಸಲ ಅಣ್ಣನ ಕಾಲರು ಹಿಡಿದೆಳೆದ ಮೇಸ್ತ್ರಿಯೇ ಇವರು.

ಮೇಸ್ತ್ರಿ ಒಳಗೆ ಮಾಡಿದ ಮೊದಲ ಕೆಲಸ ಎಲ್ಲರನ್ನೂ ಕೂರಿಸಿದ್ದು. ಒಂದೇ ಟಾರ್ಚು, ಅದೂ ಸಣ್ಣ ಬೆಳಕಿನಲ್ಲಿ. ಉಳಿದವರು ಆರಿಸಿ ಮಡಿಲಲ್ಲಿ ಇಟ್ಟುಕೊಳ್ಳಬೇಕು. "ಹೆದರಿಕೆ ಆಗಲಿಲ್ಲ ಅಂದ್ರೆ ಸುಳ್ಳು," ಎನ್ನುತ್ತಾರೆ ಮೇಸ್ತ್ರಿ. "ಆದ್ರೆ ಮಡಿಲಲ್ಲಿ ಇರೋ ಟಾರ್ಚು ಹತ್ತುತ್ತೆ ಅಂತ ಗೊತ್ತಿದ್ರೆ ಕತ್ತಲು ಬೇರೆ ಥರ ಇರುತ್ತೆ. ಹಿಂದಿನ ಸಲ ಅದು ಗೊತ್ತಿರಲಿಲ್ಲ."

ಈಚೆಯಿಂದ ರಾಶಿ ತೆರವು ಮಾಡುವ ಗುಂಪು ನುಗ್ಗಿತು. ಅವರಿಗೂ ಬೆಳಕು ಬೇಕು. ಮಧ್ಯಾಹ್ನದ ಹೊತ್ತಿಗೆ ಅವರ ಟಾರ್ಚುಗಳು ಇಳಿಯತೊಡಗಿದವು, ಇನ್ನಷ್ಟು ಕಳಿಸಿ ಎಂದು ಹೇಳಿ ಕಳಿಸಿದರು. ಚಾರ್ಜಕ್ಕ ತಯಾರಿದ್ದ ಗುಂಪಿನ ಟಾರ್ಚುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ವ್ಯಾನು ಹತ್ತಿದರು. ಓಡಿಸಿದ್ದು ಅಣ್ಣ.

ಸುರಂಗದ ಬಾಯಿಯಲ್ಲಿ ಕಾವಲಿನವನೊಬ್ಬನೇ ಇದ್ದ. ಅವನು ಜಾಗ ಬಿಟ್ಟು ಕದಲುವ ಹಾಗಿಲ್ಲ. ಕೈಕಾಲು ಗಟ್ಟಿಯಿದ್ದವರೆಲ್ಲ ಒಳಗೆ ಇಟ್ಟಿಗೆ ಹೊರುತ್ತಿದ್ದರು. ಚಾರ್ಜಕ್ಕ ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಕಾವಲಿನವನು ಅಡ್ಡ ಬಂದ. "ಅಕ್ಕಾ, ನಿಮಗೆ ಒಳಗೆ ಹೋಗೋ ಪಾಸಿಲ್ಲ. ದಾರಿ ಗೊತ್ತಿಲ್ಲದೋರನ್ನ ಒಳಗೆ ಬಿಟ್ಟು, ನೀವು ಗುಂಡಿಗೆ ಬಿದ್ರೆ ನಿಮ್ಮನ್ನ ಹುಡುಕೋಕೆ ಯಾರು ಹೋಗ್ತಾರೆ?"

ಅವನು ಹೇಳಿದ್ದು ನಿಜವಿತ್ತು. ಅಣ್ಣ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದ. ವರ್ಷಗಳಿಂದ ಆ ಬಾಯಿಯ ಮುಂದೆ ವ್ಯಾನು ನಿಲ್ಲಿಸಿದ್ದಾನೆ, ಒಮ್ಮೆಯೂ ಗೇಟು ದಾಟಿಲ್ಲ. ಆದರೆ ನಡೆಯುವವನ ಹಳೆಯ ಪಾಸು ಅವನ ಕೊರಳಲ್ಲಿ ಇನ್ನೂ ಇತ್ತು. ಯಾರೂ ವಾಪಸು ಕೇಳಿರಲಿಲ್ಲ. ಅವನು ಬಂದು ತಂಗಿಯ ಕೈಯಿಂದ ಪೆಟ್ಟಿಗೆ ತೆಗೆದುಕೊಂಡ.

ಚಾರ್ಜಕ್ಕ ದೀಪದ ಟೋಪಿಯೊಂದನ್ನು ಅವನ ತಲೆಗಿಟ್ಟು, ಒಂದು ಟಾರ್ಚು ಹತ್ತಿಸಿ ಅವನ ಕೈಗಿತ್ತರು.

"ಇದು ಆರಲ್ಲ ತಾನೆ?" ಎಂದು ಅಣ್ಣ ಕೇಳಿದ.

"ಆರಬಹುದು," ಎಂದರು ತಂಗಿ. "ಅದಕ್ಕೇ ಟೋಪಿಯಲ್ಲಿ ಇನ್ನೊಂದಿದೆ. ಅದೂ ಆರಿದ್ರೆ ಜೇಬಲ್ಲಿ ಮೂರನೇದು ಇಡ್ತೀನಿ. ನೆಗ್ಗಿದ್ದಲ್ಲ, ಹಳೇದಲ್ಲ, ನಿನ್ನೆ ನಾನೇ ತುಂಬಿಸಿದ್ದು. ಇಷ್ಟು ನನಗೆ ಗೊತ್ತು. ಇದಕ್ಕಿಂತ ಹೆಚ್ಚು ನಾನು ಹೇಳಲ್ಲ."

ಆರುವುದೇ ಇಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. "ಬೀರುವಿನ ಟಾರ್ಚಿನ ವಿಷಯದಲ್ಲೂ ಹಾಗೇ ಹೇಳಿದ್ರಲ್ಲ," ಎಂದರು. "ಅವನಿಗೆ ಸುಳ್ಳು ಗೊತ್ತಾಗ್ತಿತ್ತು. ಹಿಂದಕ್ಕೆ ಬಂದುಬಿಡ್ತಿದ್ದ."

ಅಣ್ಣ ಹೋದ. ಆತನನ್ನು ನಾನು ಮಾತಾಡಿಸಿದ್ದು ಅಂಗಳದಲ್ಲಿ, ವ್ಯಾನಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದಾಗ. ಕೆಲಸ ನಿಲ್ಲಿಸದೆ, ನನ್ನ ಮುಖ ನೋಡದೆ ಹೇಳಿದ. "ಒಂದು ತಿರುವಿದೆ. ಅಲ್ಲಿಗೆ ಬಾಯಿಯ ಬೆಳಕು ಮುಗಿಯುತ್ತೆ. ಅಲ್ಲಿ ಕಾಲು ಎತ್ತೋಕಾಗಲಿಲ್ಲ. ಆಮೇಲೆ ನಾನೇ ಟಾರ್ಚು ಆರಿಸಿದೆ."

"ಆರಿಸಿದಿರಾ?"

"ಟೋಪಿದೂ ಆರಿಸಿದೆ. ಕತ್ತಲು. ಒಂದು ಉಸಿರು ಎಳ್ಕೊಂಡೆ, ಬಿಟ್ಟೆ. ಮತ್ತೆ ಒತ್ತಿದೆ, ಹತ್ತಿತು. ಮತ್ತೆ ಆರಿಸಿದೆ, ಮತ್ತೆ ಒತ್ತಿದೆ, ಹತ್ತಿತು. ಹಿಂದಿನ ಸಲ ಕತ್ತಲು ತಾನಾಗೇ ಬಂದಿತ್ತು. ಈ ಸಲ ಆರಿಸಿದ್ದೂ ನಾನೇ, ಹಚ್ಚಿದ್ದೂ ನಾನೇ. ಅಷ್ಟು ಸಾಕಾಯ್ತು. ನಡೆದೆ."

ಪೆಟ್ಟಿಗೆ ತಲುಪಿಸಿ ಅವನು ವಾಪಸು ಬರಲಿಲ್ಲ. ಅಲ್ಲೇ ನಿಂತು ಇಟ್ಟಿಗೆ ಹೊತ್ತ. ಬಿಸಿಲು ಇಳಿಯುವ ಮೊದಲೇ ರಾಶಿಯಲ್ಲಿ ಒಬ್ಬ ಮನುಷ್ಯ ತೂರುವಷ್ಟು ಕಿಂಡಿಯಾಯಿತು. ಆಚೆಯಿಂದ ಮೊದಲು ಬಂದದ್ದು ಒಂದು ಸಣ್ಣ ಬೆಳಕು, ಅದರ ಹಿಂದೆ ಜೇಬುಬೆಂಕಿಯ ಮೀಸೆ. ಕೊನೆಯವರಾಗಿ ಬಂದ ಮೇಸ್ತ್ರಿಯನ್ನು ಅಣ್ಣನೇ ತೋಳು ಹಿಡಿದು ಈಚೆ ಎಳೆದುಕೊಂಡ. ಹೊರಗೆ ಕಾಯುತ್ತಿದ್ದ ತಂಗಿ ಮೊದಲು ಅಣ್ಣನನ್ನು ನೋಡಿದರು, ಆಮೇಲೆ ಟಾರ್ಚುಗಳನ್ನು ಎಣಿಸತೊಡಗಿದರು. "ಅತ್ತುಬಿಡ್ತೀನಿ ಅನ್ನಿಸ್ತು. ಎಣಿಸ್ತಾ ಇದ್ರೆ ಅಳು ಬರಲ್ಲ."

ಹೆಚ್ಚಿನವರ ಡಬ್ಬಿಯಲ್ಲಿ ಹೆಚ್ಚುವರಿ ಸೆಲ್ ಹಾಗೇ ಇತ್ತು, ಮುಚ್ಚಳ ತೆಗೆಯುವ ಪ್ರಮೇಯವೇ ಬಂದಿರಲಿಲ್ಲ. ಅಣ್ಣ ಈಗಲೂ ವ್ಯಾನೇ ಓಡಿಸುತ್ತಾನೆ. ಆದರೆ ಒಳಗೆ ಏನಾದರೂ ಒಯ್ಯಬೇಕಾದಾಗ ಬೇರೆಯವರನ್ನು ಕರೆಯುವುದಿಲ್ಲ. ಮನೆಯ ಸಮಾಚಾರವನ್ನು ಅವನ ಹೆಂಡತಿ ಹೇಳಿದರು: "ಮೊದಲು ಬೆಳಕಲ್ಲಿ ಗೊರಕೆ ಹೊಡೀತಿದ್ರು, ಈಗ ಕತ್ತಲಲ್ಲಿ ಹೊಡೀತಾರೆ. ನನಗೆ ಎರಡೂ ಒಂದೇ."

ಮೇಷ್ಟ್ರು ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ಚಾರ್ಜಕ್ಕ ವಾರಕ್ಕೊಮ್ಮೆಯಾದರೂ ಫೋನು ಮಾಡುತ್ತಾರೆ. ನಾನು ಹೋದ ದಿನವೂ ಮಾಡಿದರು. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಜೋಡಿ ಹಾಕಬಾರದು ಎನ್ನುವುದು ಗೊತ್ತು, ಆದರೆ ಜೋಡಿ ಹಾಕಿದರೆ ಒಳಗೆ ಮೊದಲು ಸುಸ್ತಾಗುವುದು ಯಾರು ಎಂದು ಕೇಳಿದರು. ಆ ಕಡೆಯಿಂದ ಉತ್ತರ ಶುರುವಾಯಿತು. ಚಾರ್ಜಕ್ಕ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎಂಟು ಟಾರ್ಚು ಒರೆಸಿ ಮುಗಿಸಿದರು. ಉತ್ತರ ಮುಗಿದಿರಲಿಲ್ಲ.

ಮುಂದಿನ ವರ್ಷದ ಹೊತ್ತಿಗೆ ಬೇರೆ ಬಗೆಯ ಟಾರ್ಚುಗಳು ಬರಲಿವೆ. ಸೆಲ್ ಒಳಗೇ ಮುಚ್ಚಿಹೋಗಿರುತ್ತದೆ, ಮುಚ್ಚಳ ಬಿಚ್ಚಲು ಬರುವುದಿಲ್ಲ. ಗೋಡೆಯ ಹಲಗೆಗೆ ಸಿಕ್ಕಿಸಿದರೆ ತಾನೇ ಚಾರ್ಜಾಗಿ, ತಾನೇ ಅರ್ಧಕ್ಕೆ ನಿಂತು, ಕೆಟ್ಟಿದ್ದರೆ ತಾನೇ ಕೆಂಪು ದೀಪ ತೋರಿಸುತ್ತದಂತೆ. ಮಾದರಿಗೆಂದು ಬಂದ ಒಂದು ಟಾರ್ಚು ಕಿಟಕಿಯ ಕಟ್ಟೆಯ ಮೇಲಿದೆ. ಬೇಸರವಾಗುವುದಿಲ್ಲವೇ ಎಂದು ಕೇಳಿದರೆ, ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಕನ್ನಡಕದೊಳಗಿಂದ ನೋಡುತ್ತಾರೆ. ಎರಡು ಭಾಗ ಕೂಡಿದ ಗೆರೆ ಎಲ್ಲಿದೆ ಎಂದು ಉಗುರಿನಿಂದ ಹುಡುಕುತ್ತಾರೆ.

"ಬೇಸರ ಯಾಕೆ? ಒಳ್ಳೇದೇ ಅಲ್ವಾ. ನಾನು ರಜಾ ಹಾಕಿದ್ರೂ ನಡೆಯುತ್ತೆ," ಎನ್ನುತ್ತಾರೆ. ಟಾರ್ಚನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಸದ್ದೇನೂ ಬರುವುದಿಲ್ಲ. "ಆದ್ರೆ ಅರ್ಧ ಆಯ್ತು ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ? ಒಳಗೆ ಯಾರು ಕೂತು ನೋಡ್ತಾರೆ? ಇಂಜಿನಿಯರ್ ಹತ್ರ ಕೇಳಿದೆ, ಒಂದನ್ನ ಬಿಚ್ಚಿ ನೋಡ್ಲಾ ಅಂತ. ಹೊಸದನ್ನ ಬಿಚ್ಚೋ ಹಾಗಿಲ್ಲ, ಯಾವುದಾದ್ರೂ ಕೆಟ್ಟರೆ ಕೊಡ್ತೀನಿ ಅಂದಿದಾರೆ."

ಟಾರ್ಚನ್ನು ಕಟ್ಟೆಯ ಮೇಲೆ ಜೋಪಾನವಾಗಿ ಇಡುತ್ತಾರೆ.

"ಕೆಡಲಿ ಅಂತ ನಾನು ಕಾಯಬಾರದು. ನನ್ನ ಕೆಲಸಕ್ಕೆ ಅದು ಶೋಭೆ ಅಲ್ಲ. ಕೆಟ್ಟರೆ ಮಾತ್ರ, ಮೊದಲನೇದು ನನಗೇ ಕೊಡಿ ಅಂತ ಹೇಳಿಟ್ಟಿದೀನಿ."